ಬಾಗಿಲಾಚೆಯ ಚಪ್ಪಲಿ ಚಿತ್ರ

ಮಾತು ತಡವಾದ, ಜನರೊಡನೆ ಬೆರೆಯದ ಪುಟ್ಟ ಮಕ್ಕಳಿಗೆ ಅವರ ಮನೆಗೇ ಹೋಗಿ ಕಲಿಸುವುದು ನನ್ನ ಕೆಲಸ. ಒಂದು ದಿನ ಹೊಳಲ್ಕೆರೆ, ಇನ್ನೊಂದು ದಿನ ಹೊಸದುರ್ಗ, ಮತ್ತೊಂದು ದಿನ ಹಿರಿಯೂರು, ಸಂಜೆಗೆ ವಾಪಸ್ ದುರ್ಗದ ನನ್ನ ಮನೆಗೆ. ಯಾವ ದಿನವೂ ನಾನು ಅಂದುಕೊಂಡಂತೆ ನಡೆದದ್ದಿಲ್ಲ. ಆ ಹೊತ್ತಿಗೆ ಸಿಟ್ಟು ಬರುತ್ತದೆ. ಬಸ್ ಹತ್ತಿದ ಮೇಲೆ ಒಬ್ಬಳೇ ನಗುತ್ತೇನೆ. ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂರುತ್ತಾರೆ.

ಪೀಪಿ

ಹೊಳಲ್ಕೆರೆ ಬಸ್ಸಿನಲ್ಲಿ ಒಮ್ಮೆ ನನ್ನ ಚೀಲ ಉರುಳಿ ಪೀಪಿ, ಗಿಲಕಿ, ಬಣ್ಣದ ಚೆಂಡು ಎಲ್ಲ ಚೆಲ್ಲಾಪಿಲ್ಲಿಯಾದವು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಎತ್ತಿಕೊಡುತ್ತಾ, "ಆಟದ ಸಾಮಾನು ಮಾರ್ತೀರೇನ್ರಿ?" ಎಂದರು.

"ಇಲ್ಲಮ್ಮ. ಪೀಪಿ ಊದಿ ನಿಲ್ಲಿಸಿದ್ರೆ ಮಗು ನನ್ನ ಮುಖ ನೋಡುತ್ತೆ, ಇನ್ನೊಂದ್ಸಲ ಊದು ಅಂತ. ಮಾತು ಅಲ್ಲಿಂದ ಶುರುವಾಗುತ್ತೆ."

ಅವರು ಪೀಪಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಾತು ನಿಲ್ಸೋ ಪೀಪಿ ಇದ್ರೆ ಒಂದ್ ಕೊಡ್ರಿ. ನಮ್ಮನೆಯವ್ರಿಗೆ ಬೇಕಾಗೈತೆ."

ಮುಂದಿನ ಸೀಟಿನಲ್ಲಿದ್ದ ಆ ‘ಮನೆಯವರು’ ಹೊಳಲ್ಕೆರೆ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಇಸ್ಪೀಟ್ ಎಲೆ

ಹಿರಿಯೂರಿನ ಹತ್ತಿರ ಆದಿವಾಲದ ಒಂದು ಮನೆಗೆ ಹೋಗುವಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಆ ಮನೆಯ ಪುಟ್ಟಿಗೆ ನಾಲ್ಕು ವರ್ಷ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಬಾಗಿಲು ತೆರೆದರೆ ಸಾಕು, ಮನೆ ಹತ್ತಿರದ ಹೆದ್ದಾರಿಯ ಕಡೆಗೇ ಓಟ. ಆ ಭಯಕ್ಕೆ ಹಗಲೆಲ್ಲಾ ಚಿಲಕ ಹಾಕಿ ಒಳಗೇ ಇಟ್ಟಿದ್ದರು. ಅಪ್ಪ ಲಾರಿ ಓಡಿಸುತ್ತಾನೆ, ಮನೆಗೆ ಬರುವುದೇ ಅಪರೂಪ. ಮನೆಯಲ್ಲಿ ತಾತನ ಮಾತೇ ಕೊನೆ.

ನಾನು ಚಿತ್ರದ ಚೀಟಿಗಳನ್ನು ತಂದಿದ್ದೆ. ನೀರಿನ ಲೋಟ, ಮುದ್ದೆ, ಬಾಳೆಹಣ್ಣು, ಚಪ್ಪಲಿ. ಬೇಕಾದ್ದರ ಚಿತ್ರವನ್ನು ಪುಟ್ಟಿ ತಂದು ನಮ್ಮ ಕೈಗೆ ಕೊಡಬೇಕು, ಕೊಟ್ಟರೆ ಅದು ಸಿಗುತ್ತದೆ. ಚಪ್ಪಲಿ ಎಂದರೆ ಕೈ ಹಿಡಿದುಕೊಂಡು ಹೊರಗೆ ಒಂದು ಸುತ್ತು.

"ಮಾತು ಕಲ್ಸಿ ಅಂದ್ರೆ ಇಸ್ಪೀಟ್ ಎಲೆ ಹಂಚ್ತೀರಲ್ಲಮ್ಮ!" ಎಂದರು ತಾತ. "ಅಮಾಸೆವರ್ಗೂ ನೋಡ್ತೀನಿ. ಅಷ್ಟ್ರೊಳಗೆ ಈ ಕೂಸು ನಂಗೆ ಏನಾರ ಒಂದು ತಿಳಿಯಂಗೆ ಹೇಳ್ಬೇಕು. ಇಲ್ಲಾಂದ್ರೆ ಎಲೆನೂ ಬ್ಯಾಡ, ನೀವೂ ಬರಬ್ಯಾಡ್ರಿ."

ಪುಟ್ಟಿಯ ಅಮ್ಮ ಸೆರಗಿನ ತುದಿ ಹಿಂಡುತ್ತಾ ನನ್ನ ಮುಖ ನೋಡಿದಳು. ನಾನು ಬರುವುದು ನಿಂತರೆ ಮಗುವಿಗೆ ಮತ್ತೆ ಆ ಚಿಲಕವೇ ಗತಿ ಎಂದು ಇಬ್ಬರಿಗೂ ಗೊತ್ತಿತ್ತು. ಚೀಲ ಎತ್ತಿಕೊಂಡು ಹೊರಟೆ. ಹಿಂದಿನಿಂದ ತಾತ ಕೂಗಿದರು: "ಮೇಡಂ, ನಿಮ್ ಕಟ್ಟಿನಾಗೆ ಜೋಕರ್ರೇ ಇಲ್ಲ ನೋಡ್ರಿ!"

ಅಜ್ಜಿಯ ಪರೀಕ್ಷೆ

ಪುಟ್ಟಿಯ ಅಜ್ಜಿಗೆ ನಾನು ಹೇಳಿದ್ದು ಒಂದೇ: ಮಗು ಕೇಳುವ ಮುಂಚೆ ಕೊಡಬೇಡಿ, ಸ್ವಲ್ಪ ಕಾಯಿರಿ. ಅಜ್ಜಿ ಬಾಳೆಹಣ್ಣು ಮಡಿಲಲ್ಲಿಟ್ಟುಕೊಂಡು ಕೂತರು. ಪುಟ್ಟಿ ಹಣ್ಣು ನೋಡಿದಳು, ಗೋಡೆ ನೋಡಿದಳು. ಅಜ್ಜಿಯ ಕಣ್ಣಲ್ಲಿ ಆಗಲೇ ನೀರು.

"ಕೂಸು ನೋಡ್ತಾ ಐತೆ, ನಾನ್ ಹೆಂಗೆ ಇಟ್ಕಂಡು ಕುಂತ್ಕಳ್ಲಿ?"

"ತಾಳಿ ಅಜ್ಜಿ, ಒಂದು ನಿಮಿಷ," ಎಂದು ಚೀಲದ ಕಡೆ ತಿರುಗಿದೆ, ಅಷ್ಟೆ. ಮತ್ತೆ ನೋಡುವಷ್ಟರಲ್ಲಿ ಪುಟ್ಟಿಯ ಬಾಯ್ತುಂಬ ಹಣ್ಣು. ಅಜ್ಜಿ ಹಣ್ಣಿನ ಚೀಟಿಯನ್ನು ನನ್ನ ಮುಂದೆ ಹಿಡಿದಿದ್ದರು.

"ನೋಡ್ರಿ, ಚೀಟಿ ಕೊಟ್ಟಾತು."

"ಕೊಟ್ಟಿದ್ದು ಯಾರು?"

"ನಾನೇಯ. ನಮ್ಮನೆಯಾಗೆ ಒಬ್ರು ಕೊಟ್ರೆ ಎಲ್ರೂ ಕೊಟ್ಟಂಗೆ."

ದೇವರ ಗೂಡು

ಅಮಾವಾಸ್ಯೆ ಹತ್ತಿರ ಬಂತು. ಹೋಗಿ ನೋಡಿದರೆ ಚೀಟಿಗಳೇ ಇಲ್ಲ. ಅಜ್ಜಿ ಹೆಮ್ಮೆಯಿಂದ ದೇವರ ಗೂಡು ತೋರಿಸಿದರು. ನೀರಿನ ಲೋಟಕ್ಕೆ ಕುಂಕುಮ, ಬಾಳೆಹಣ್ಣಿಗೆ ಕುಂಕುಮ, ಮುದ್ದೆಗೆ ಕುಂಕುಮದ ಜೊತೆ ಸೇವಂತಿಗೆ.

"ಮಾತು ಕೊಡೋ ವಸ್ತು. ನೆಲದ್ ಮ್ಯಾಲೆ ಬಿಸಾಕಾಕೆ ಆಗ್ತೈತೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಗಡುವು ಮುಗಿಯುತ್ತಾ ಬಂದಿದೆ, ಇವರಿಲ್ಲಿ ಮುದ್ದೆಗೆ ಪೂಜೆ ಮಾಡುತ್ತಿದ್ದಾರೆ! ಮಗುವಿನ ಕೈಗೆಟುಕುವಂತೆ ಎಲ್ಲ ಕೆಳಗಿಡಿಸಿ, "ಚಪ್ಪಲಿ ಎಲ್ಲಿ?" ಎಂದೆ.

"ಥೂ, ದೇವ್ರ ಮಗ್ಗುಲಿಗೆ ಚಪ್ಲಿ ಇಡ್ತಾರೇನ್ರಿ? ಆಚೆ ಇಟ್ಟೀನಿ."

ನಿಜವೇ. ಬಾಗಿಲಾಚೆ ತಾತನ ದೊಡ್ಡ ಚಪ್ಪಲಿಗಳ ಪಕ್ಕದಲ್ಲಿ, ಗಾಳಿಗೆ ಹಾರದಂತೆ ಕಲ್ಲು ಹೇರಿಸಿಕೊಂಡು ಚೀಟಿ ಕೂತಿತ್ತು. ಅದೊಂದನ್ನು ಒಳಗೆ ಬಿಡಲು ಅಜ್ಜಿ ಸುತರಾಂ ಒಪ್ಪಲಿಲ್ಲ. ಅಂದಿನಿಂದ ನಾನಾಗಲಿ ಅಮ್ಮನಾಗಲಿ ಬಾಗಿಲು ತೆರೆದು, ಆ ಚೀಟಿಯನ್ನು ಪುಟ್ಟಿಯ ಕೈಗಿಟ್ಟು ಇಸಿದುಕೊಂಡು, ಒಂದು ಸುತ್ತು ಕರೆದೊಯ್ಯುತ್ತಿದ್ದೆವು. ತಾನಾಗಿ ಅವಳು ಒಮ್ಮೆಯೂ ಕೊಟ್ಟಿರಲಿಲ್ಲ. ನೆಲದ ಮೇಲಿನ ಚೀಟಿಗಳಿಗೆ ಅಜ್ಜಿ ಅಲ್ಲೇ ಬಗ್ಗಿ ದಿನಾ ಊದುಬತ್ತಿ ಬೆಳಗುತ್ತಿದ್ದರು.

ಅಮಾವಾಸ್ಯೆ

ಅವತ್ತು ತಾತ ಊರಿನ ಇಬ್ಬರು ಹಿರಿಯರನ್ನೂ ಕರೆಸಿದ್ದರು. "ನಾಕ್ ಜನದ ಮುಂದೆ ಇತ್ಯರ್ಥ ಆಗ್ಲಿ," ಎಂದರು, ಗದ್ದೆ ಬದುವಿನ ಜಗಳವೇನೋ ಎಂಬಂತೆ. ಪುಟ್ಟಿ ಮೂಲೆಯಲ್ಲಿ ಗಿಲಕಿ ತಿರುಗಿಸುತ್ತಿದ್ದಳು. ನಾನು ಬಾಳೆಹಣ್ಣು ತೋರಿಸಿದೆ, ನೀರು ತೋರಿಸಿದೆ, ಪೀಪಿ ಊದಿದೆ. ತಿರುಗಿಯೂ ನೋಡಲಿಲ್ಲ.

"ಆತಲ್ಲಮ್ಮ?" ಎಂದರು ತಾತ.

ಆಗಲೇ ಪುಟ್ಟಿ ಎದ್ದಳು. ಹಿರಿಯರು ಬಂದವರು ಬಾಗಿಲು ತೆರೆದೇ ಬಿಟ್ಟಿದ್ದರು. ಅವಳು ಸರ್ರನೆ ಹೊರಗೆ ನುಗ್ಗಿದಳು. ಹೆದ್ದಾರಿಯಲ್ಲಿ ಲಾರಿಯ ಹಾರನ್ ಕೇಳಿಸಿತು. "ಅಯ್ಯೋ, ಹಿಡೀರಿ!" ಎಂದು ಅಮ್ಮ ಚೀರಿದಳು. ನಾವೆಲ್ಲ ಏಳುವಷ್ಟರಲ್ಲಿ ಪುಟ್ಟಿ ತಾನೇ ಹೊಸ್ತಿಲು ದಾಟಿ ಒಳಗೆ ಬಂದಳು. ಸೀದಾ ತಾತನ ಮುಂದೆ ನಿಂತು ಕೈ ಚಾಚಿದಳು. ಕೈಯಲ್ಲಿ ಧೂಳು ಹಿಡಿದ ಚಪ್ಪಲಿ ಚಿತ್ರ!

ಒಬ್ಬ ಹಿರಿಯರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

"ಏನಮ್ಮ ಇದು?" ತಾತನ ಮೀಸೆ ನಡುಗುತ್ತಿತ್ತು. "ನಾಕ್ ಜನದ ಮುಂದೆ ನಂಗೇ ಎಕ್ಕಡ ತೋರ್ಸಾಕೆ ಕಲ್ಸಿದ್ದೀರಾ?"

ಮಾವನ ಎದುರು ತಲೆಯೆತ್ತಿಯೂ ನೋಡದ ಅಮ್ಮ ಮಾತಾಡಿದಳು. "ಮಾವ, ಹೊರಗೆ ಹೋಗಾಣ ಅಂತ ಕರೀತಾ ಅವ್ಳೆ. ನನ್ನಲ್ಲ, ಮೇಡಮ್ಮನ್ನಲ್ಲ. ನಿಮ್ಮನ್ನ."

ಪುಟ್ಟಿ ತಾತನ ಹೆಬ್ಬೆರಳು ಹಿಡಿದು ಎಳೆದಳು. ಅವರು ಅವಳನ್ನೇ ನೋಡಿದರು, ನಿಧಾನಕ್ಕೆ ಎದ್ದರು. ಇಬ್ಬರೂ ಹೊರಟುಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ.

ಕೊನೆಗೆ ಬಂದರು. ಪುಟ್ಟಿ ತಾತನ ಹೆಗಲ ಮೇಲಿದ್ದಳು. ತಾತನ ಕಣ್ಣು ಒದ್ದೆ, ದನಿ ಮಾತ್ರ ಜೋರು.

"ಈ ಊರಾಗೆ ನಂಗೆ ಚಪ್ಲಿ ತೋರ್ಸೋ ಗಂಡ್ಸು ಹುಟ್ಟಿಲ್ಲ. ಇವ್ಳು ತೋರ್ಸಿದ್ಲು, ನಾನೂ ಬಾಯ್ಮುಚ್ಕೊಂಡು ಹಿಂದೆ ಹೋದೆ. ಮೇಡಂ, ನೀವು ಬರೋದು ತಪ್ಪಿಸ್ಬ್ಯಾಡ್ರಿ."

ಆಮೇಲೆ ಆ ಚೀಟಿಯ ಧೂಳನ್ನು ಪಂಚೆಗೆ ಒರೆಸಿ ಅಜ್ಜಿಯ ಕಡೆ ಚಾಚಿದರು.

"ಲೇ ಇವ್ಳೆ, ಈ ಚಪ್ಲಿಗೂ ಒಂದಿಷ್ಟು ಕುಂಕುಮ ಹಚ್ಚಿ ದೇವ್ರ ಗೂಡಿನಾಗೆ ಇಡು."