ಹನ್ನೊಂದು ಕುರಿಗಳ ಉಪವಾಸ

ಕಮಲಾಕ್ಷ ಶೆಟ್ಟರು ಆ ಮಾತನ್ನು ಮನೆಯೊಳಗೆ ಆಡಿದ್ದರೆ ಏನೂ ಆಗುತ್ತಿರಲಿಲ್ಲ. ಆಡಿದ್ದು ವಾಮದಪದವಿನ ಹೋಟೆಲಿನಲ್ಲಿ, ಬೆಳಿಗ್ಗೆ ಏಳು ಗಂಟೆಗೆ, ಊರಿನ ಅರ್ಧ ಜನ ಬನ್ಸ್ ಮುರಿಯುತ್ತಾ ಕೂತಿದ್ದಾಗ.

"ಇವತ್ತು ಹನ್ನೊಂದು ಗಂಟೆಯವರೆಗೆ ನನ್ನ ಕುರಿಗಳಿಗೆ ಉಪವಾಸ. ಹಸಿದಿದ್ದರೆ ನಾಲ್ಕು ಜನರ ಎದುರು ಚಂದ ತಿಂತಾವೆ. ಬಹರೈನಿನಲ್ಲಿ ಇಪ್ಪತ್ತೆರಡು ವರ್ಷ ಕ್ಯಾಂಟೀನ್ ನಡೆಸಿದವ ಮಾರಾಯ ನಾನು, ನನಗೆ ಗೊತ್ತುಂಟು."

ಬನ್ಸ್ ಮುರಿಯುತ್ತಿದ್ದ ಕೈಗಳೆಲ್ಲ ಒಮ್ಮೆಲೇ ನಿಂತವು. ಶೆಟ್ಟರು ಅದನ್ನು ಮೆಚ್ಚುಗೆ ಎಂದುಕೊಂಡು ಚಾ ಮುಗಿಸಿ ಎದ್ದರು. ಅದು ಮೆಚ್ಚುಗೆಯಾಗಿರಲಿಲ್ಲ, ಮರುಕವಾಗಿತ್ತು. ಮನೆಗೆ ಜನ ಬರುವ ದಿನ ಕೊಟ್ಟಿಗೆಯ ಮೂಕ ಪ್ರಾಣಿಯನ್ನು ಹಸಿದ ಹೊಟ್ಟೆಯಲ್ಲಿ ನಿಲ್ಲಿಸುವುದೆಂದರೆ ಈ ಕಡೆಯವರಿಗೆ ಮನಸ್ಸು ತಡೆಯುವುದಿಲ್ಲ.

ವಿಷಯ ಇಷ್ಟೇ. ಶೆಟ್ಟರು ಊರಿಗೆ ಮರಳಿದ ಮೇಲೆ ಹನ್ನೊಂದು ಕುರಿ ಕಟ್ಟಿದ್ದರು. ಕರಾವಳಿಯಲ್ಲಿ ಕುರಿ ಸಾಕುತ್ತೇನೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಮೇವೆಲ್ಲಿ ಎಂದು ಕೇಳುತ್ತಾರೆ. ಘಟ್ಟದ ಮೇಲಿಂದ ಲಾರಿಯಲ್ಲಿ ಬರುವ ಬೈಹುಲ್ಲನ್ನೇ ನಂಬಿ ಕೂತರೆ ಕುರಿಗಿಂತ ಮೊದಲು ಸಾಕುವವನೇ ಸೊರಗಿಹೋಗುತ್ತಾನೆ. ಅದಕ್ಕೆ ಶೆಟ್ಟರು ಊರವರು ಬಿಸಾಡುವ ವಸ್ತುಗಳ ಮೇಲೆ ಕಣ್ಣು ಹಾಕಿದರು. ತೋಟದಲ್ಲಿ ಉದುರಿ ಬೀಳುವ ಅಡಿಕೆ ಹಾಳೆ, ಉದ್ದು ಬಡಿದ ಮೇಲೆ ಅಂಗಳದಲ್ಲಿ ಉಳಿಯುವ ಹೊಟ್ಟು. ಹಾಳೆಯನ್ನು ನೆನೆಸಿ, ಯಂತ್ರಕ್ಕೆ ಕೊಟ್ಟು ಸಣ್ಣಗೆ ಕತ್ತರಿಸಿ, ಉದ್ದಿನ ಹೊಟ್ಟು ಬೆರೆಸಿ ಹಾಕಿದರೆ ಕುರಿಗಳು ತಲೆ ಎತ್ತದೆ ತಿನ್ನುತ್ತಿದ್ದವು. ಒಂದೂವರೆ ತಿಂಗಳಿನಿಂದ ಬೈಹುಲ್ಲಿನ ಲಾರಿ ಅವರ ಗೇಟಿನ ಮುಖ ಕಂಡಿರಲಿಲ್ಲ.

ಶೆಟ್ಟರದ್ದು ಬರೀ ಗೇರು ಗುಡ್ಡೆ. ಅವರಲ್ಲಿ ಅಡಿಕೆ ಮರವೆಂದರೆ ಬಾವಿಯ ಹತ್ತಿರ ನಾಲ್ಕು. ಆದರೆ ಅಕ್ಕಪಕ್ಕದ ತೋಟಗಳಲ್ಲಿ ಹಾಳೆಗೆ ಬರವಿರಲಿಲ್ಲ. ಡೊಂಬಯ್ಯ, ರುಕ್ಮಯ್ಯ, ರವೂಫ್, ಎಲ್ಲರೂ ಕಸ ಖಾಲಿಯಾದರೆ ಸಾಕೆಂದು ಕೈಮುಗಿದು ಕೊಡುತ್ತಿದ್ದರು. ಕೊಟ್ಟು, ಆ ಕಡೆ ತಿರುಗಿ ನಗುತ್ತಲೂ ಇದ್ದರು. ಕುರಿ ಹಾಳೆ ತಿನ್ನುತ್ತದೆ ಎಂಬುದನ್ನು ಅವರಲ್ಲಿ ಯಾರೂ ನಂಬಿರಲಿಲ್ಲ. ಶೆಟ್ಟರು ಬಾಗಿಲು ಹಾಕಿಕೊಂಡು ಗೋಣಿಗಟ್ಟಲೆ ಹಿಂಡಿ ತಿನ್ನಿಸುತ್ತಾರೆ, ಹಾಳೆ ಬರೀ ಷೋ ಎಂದು ಡೊಂಬಯ್ಯ ಹೋದಲ್ಲಿ ಬಂದಲ್ಲಿ ಸಾರಿದ್ದ.

ಈ ಮಾತು ತೋಡಾರಿನವರೆಗೆ ಹಬ್ಬಿ, ಹೆಂಡತಿ ಸ್ವರ್ಣಲತಾಳ ತವರಿಗೂ ಮುಟ್ಟಿತು. ಅಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಅವಳ ಎದುರಿಗೇ ಭಾವನ ಕುರಿಗಳಿಗೆ ಪ್ಲಾಸ್ಟಿಕ್ಕೂ ಆಗ್ತದಾ ಎಂದು ಕೇಳಿದ್ದರು. ಮನೆಗೆ ಬಂದವಳೇ ಅವಳು ತೀರ್ಪು ಕೊಟ್ಟಳು.

"ಪಶುವೈದ್ಯರನ್ನು ಕರೆಸಿ, ಊರವರ ಎದುರೇ ತಿನ್ನಿಸಿ ತೋರಿಸಿ. ತಿಂದರೆ ಕುರಿ ಇರಲಿ. ತಿನ್ನದಿದ್ದರೆ ಮರುದಿನವೇ ರವೂಫಾಕನ ಪಿಕಪ್ಪಿಗೆ ಹತ್ತಿಸಿ. ನನಗೆ ಇನ್ನು ತಲೆ ತಗ್ಗಿಸಿ ಊಟ ಮಾಡ್ಲಿಕ್ಕೆ ಆಗುವುದಿಲ್ಲ."

ರವೂಫ್ ಕುರಿ, ಆಡುಗಳ ವ್ಯಾಪಾರಿ. ಅವನ ಪಿಕಪ್ ಹತ್ತಿದ ಕುರಿ ಯಾವುದೂ ಮರಳಿ ಬಂದದ್ದಿಲ್ಲ. ಆ ಹನ್ನೊಂದನ್ನೂ ಹೆಸರಿಟ್ಟು ಕರೆಯುತ್ತಿದ್ದ ಶೆಟ್ಟರಿಗೆ ಅಂದಿನಿಂದ ಊಟ ರುಚಿಸಲಿಲ್ಲ.

ಹೀಗಾಗಿ ಇವತ್ತು ಪಶುವೈದ್ಯೆ ನಿಖಿತಾ ಅವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮೂವತ್ತು ಮಂದಿ ಕೃಷಿಕರನ್ನು ಕರೆದುಕೊಂಡು ಬರುವವರಿದ್ದರು. ಹೋಟೆಲಿನಿಂದ ಹೊರಟ ಶೆಟ್ಟರು ಬ್ಯಾನರ್ ತರಲು ನೆಟ್ಟಗೆ ಮೂಡುಬಿದಿರೆಗೆ ಹೋದರು. ಸ್ವರ್ಣಲತಾ ಅಡುಗೆಮನೆಯಲ್ಲಿ ನಲವತ್ತು ಜನಕ್ಕೆ ಅವಲಕ್ಕಿ, ಸಜ್ಜಿಗೆಯ ತಯಾರಿಯಲ್ಲಿದ್ದಳು. ಕೊಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ.

ಮೊದಲು ಬಂದವರು ರವೂಫನ ಹೆಂಡತಿ ಜೈನಬಮ್ಮ. ಗಂಡ ಹೋಟೆಲಿನಿಂದ ತಂದ ಸುದ್ದಿ ಕೇಳಿ ಅವರು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಒಂದು ಬಕೆಟ್ ಅಕ್ಕಿತೌಡಿನ ಗಂಜಿಯನ್ನು ಬೆಚ್ಚಗೆ ಮಾಡಿ ತಂದು, ಕುರಿಗಳ ಬೆನ್ನು ಸವರಿ, ಪಾಪದವುಗಳೇ ಎಂದು ಕುಡಿಸಿ ಹೋದರು. ಅವರು ಗೇಟು ದಾಟಿದ್ದೇ ತಡ, ಹಿತ್ತಿಲ ಬದಿಯಿಂದ ರುಕ್ಮಯ್ಯ ಹಲಸಿನ ಸೊಪ್ಪಿನ ದೊಡ್ಡ ಕಟ್ಟನ್ನು ಹೊತ್ತು ಬಂದ. ಹಲಸಿನ ಸೊಪ್ಪೆಂದರೆ ಕುರಿಗಳಿಗೆ ಮದುವೆ ಊಟ. ಕಟ್ಟು ಕಡ್ಡಿಯಾಗುವವರೆಗೆ ನಿಂತು ತಿನ್ನಿಸಿ, ಆ ಕಡ್ಡಿಗಳನ್ನು ಆಚೆ ಎಸೆದು, ಗುರುತು ಉಳಿಸದೆ ಹೋದ.

ಕೊನೆಗೆ ಸ್ವತಃ ಡೊಂಬಯ್ಯ ಬಂದ. ಎಪ್ಪತ್ತು ದಾಟಿದ ಆಸಾಮಿ, ಶೆಟ್ಟರ ಪರಮ ವಿರೋಧಿ. ಆದರೆ ವಿರೋಧ ಇದ್ದದ್ದು ಶೆಟ್ಟರ ಮೇಲೆ, ಕುರಿಗಳ ಮೇಲಲ್ಲ. ಒಂದು ಪಾತ್ರೆ ಬೇಯಿಸಿದ ಹುರುಳಿಯನ್ನು ಹನ್ನೊಂದಕ್ಕೂ ಸಮನಾಗಿ ಹಂಚಿ, ಶೆಟ್ಟರಿಗೆ ನಾಲ್ಕು ಬೈದು, ಪಾತ್ರೆ ತೊಳೆದುಕೊಂಡು ಹೊರಟ. ಮೂವರಿಗೂ ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೂವರೂ ಪುಣ್ಯ ಸಂಪಾದಿಸಿದ ಖುಷಿಯಲ್ಲಿದ್ದರು.

ಹನ್ನೊಂದು ಗಂಟೆಗೆ ಅಂಗಳ ತುಂಬಿತು. ಬ್ಯಾನರಿನ ಕೆಳಗೆ ಶೆಟ್ಟರು ಬಿಳಿ ಅಂಗಿ ಹಾಕಿ ನಿಂತು, ಬೆಳೆಯಲ್ಲಿ ಮನುಷ್ಯನಿಗೆ ಬೇಡವಾದದ್ದು ಕುರಿಗೆ ಹೇಗೆ ಮೇವಾಗುತ್ತದೆ ಎಂದು ಹತ್ತು ನಿಮಿಷ ಮಾತಾಡಿದರು. ನಿಖಿತಾ ಅವರು ಹಾಳೆಯಲ್ಲಿ ನಾರು ಚೆನ್ನಾಗಿದೆ, ಉದ್ದಿನ ಹೊಟ್ಟು ಸೇರಿದರೆ ಪೌಷ್ಟಿಕಾಂಶವೂ ಆಯಿತು ಎಂದು ವಿವರಿಸಿದರು. ಯಂತ್ರ ಗುಡುಗಿತು, ಹಾಳೆ ತರಿ ತರಿಯಾಗಿ ಬಿತ್ತು, ಹೊಟ್ಟು ಬೆರೆಯಿತು, ಮೇವಿನ ತೊಟ್ಟಿ ತುಂಬಿತು. ಶೆಟ್ಟರು ಹೆಮ್ಮೆಯಿಂದ ಕೊಟ್ಟಿಗೆಯ ಬಾಗಿಲು ತೆಗೆದರು.

ಕುರಿಗಳು ನಿಧಾನಕ್ಕೆ ಹೊರಗೆ ಬಂದವು. ತೊಟ್ಟಿಯನ್ನು ಒಮ್ಮೆ ಮೂಸಿ ನೋಡಿದವು. ಆಮೇಲೆ ಒಂದೊಂದೇ ನೆರಳು ನೋಡಿ ಮಲಗಿ, ಕಣ್ಣು ಅರ್ಧ ಮುಚ್ಚಿ, ಮೆಲುಕು ಹಾಕತೊಡಗಿದವು. 'ಮ್ಯಾನೇಜರ್' ಎಂದು ಶೆಟ್ಟರೇ ಹೆಸರಿಟ್ಟಿದ್ದ ಕೊಬ್ಬಿದ ಟಗರು ಮಾತ್ರ ನಿಂತಿತ್ತು. ಅದೂ ತೊಟ್ಟಿಗೆ ಬೆನ್ನು ಹಾಕಿ ನಿಂತಿತ್ತು.

ಮೊದಲ ಐದು ನಿಮಿಷ ಜನ ಕಾದರು. ಮತ್ತೆ ಐದು ನಿಮಿಷ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಯಾರೋ ಕುರಿಗಳಿಗೆ ಇವತ್ತು ಏಕಾದಶಿಯೋ ಏನೋ ಎಂದದ್ದು ಎಲ್ಲರಿಗೂ ಕೇಳಿಸಿತು. ಶೆಟ್ಟರು ಹಿಡಿ ಮೇವು ತೆಗೆದು ಒಂದೊಂದರ ಬಾಯಿಗೂ ಹಿಡಿದರು, ಬಾ ಬಾ ಎಂದು ಗೋಗರೆದರು, ಕೊನೆಗೆ ತಾವೇ ಒಂದು ಚೂರನ್ನು ಬಾಯಿಗೆ ಹಾಕಿ ಜಗಿದು ತೋರಿಸಿದರು. ಒಂದು ಕುರಿಯೂ ಮಿಸುಕಲಿಲ್ಲ. ಜೈನಬಮ್ಮ ಮತ್ತು ರುಕ್ಮಯ್ಯ ಒಬ್ಬರ ಮುಖ ಒಬ್ಬರು ನೋಡಿ, ಏನೋ ಹೊಳೆದವರಂತೆ ಥಟ್ಟನೆ ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡರು. ಜಗಲಿಯಲ್ಲಿ ನಿಂತಿದ್ದ ಸ್ವರ್ಣಲತಾ ಸೆರಗಿನಿಂದ ಮುಖ ಒರೆಸಿಕೊಂಡಳು. ರವೂಫ್ ಗೇಟಿನ ಹೊರಗಿದ್ದ ತನ್ನ ಪಿಕಪ್ಪನ್ನು ನೋಡಿ ನಾಚಿ ತಲೆ ಕೆಳಗೆ ಹಾಕಿದ. ಶೆಟ್ಟರಿಗೆ ಅಳು ಬರುವುದೊಂದು ಬಾಕಿ.

ಆಗ ಡೊಂಬಯ್ಯ ಎದ್ದ. ಹುರುಳಿಯ ವಿಷಯ ಅವನಿಗೆ ನೆನಪಿರಲಿಲ್ಲವೆಂದಲ್ಲ. ಆದರೆ ಇಂಥ ಅವಕಾಶವನ್ನು ಬಿಡುವ ಜಾತಿಯ ಮನುಷ್ಯನಲ್ಲ ಅವನು. ಅವನ ತಲೆಯ ಮೇಲೆ ಮುಟ್ಟಾಳೆ, ಅಂದರೆ ಹಾಳೆಯನ್ನೇ ಮಡಚಿ ಹೊಲಿದು ಮಾಡಿದ ಟೊಪ್ಪಿ. ನಾಲ್ಕು ವರ್ಷದ ಬಿಸಿಲು, ನಾಲ್ಕು ವರ್ಷದ ಬೆವರು ಕುಡಿದು ಕಪ್ಪಾಗಿತ್ತು. ಅವನು ನಡುವೆ ಬಂದು, ಜನರ ಕಡೆ ಮುಖ ಮಾಡಿ, ಎರಡೂ ಕೈಗಳಿಂದ ಮುಟ್ಟಾಳೆಯನ್ನು ತೋರಿಸಿ, ಎಲ್ಲರಿಗೂ ಕಾಣಲೆಂದು ತಲೆ ಬಾಗಿಸಿದ.

"ನೋಡಿ ಡಾಕ್ಟ್ರೇ. ಹಾಳೆ ಅಂದ್ರೆ ತಲೆಗೆ ಇಡುವ ವಸ್ತು. ಬಾಯಿಗೆ ಇಡುವವರು ಯಾರೂ ಇಲ್ಲ, ಮನುಷ್ಯನೂ ಇಲ್ಲ, ಕುರಿಯೂ..."

ಮಾತು ಮುಗಿಯಲಿಲ್ಲ. ಮ್ಯಾನೇಜರ್ ಹಿಂದಿನಿಂದ ಎರಡು ಹೆಜ್ಜೆ ಇಟ್ಟು, ಕತ್ತು ಚಾಚಿ, ಮುಟ್ಟಾಳೆಯನ್ನು ಅನಾಮತ್ತಾಗಿ ಎತ್ತಿಕೊಂಡಿತು. ಡೊಂಬಯ್ಯ ತಲೆ ಮುಟ್ಟಿ ನೋಡುವಷ್ಟರಲ್ಲಿ ಅದರ ಅಂಚು ಟಗರಿನ ಹೊಟ್ಟೆಯಲ್ಲಿತ್ತು. ಕರಕರ ಎಂಬ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಮ್ಯಾನೇಜರ್ ತಿನ್ನುತ್ತಿರುವುದು ಕಂಡದ್ದೇ ಉಳಿದ ಹತ್ತೂ ಎದ್ದು ಬಂದವು. ಕುರಿ ಜಾತಿಯಲ್ಲವೇ, ಒಂದು ಮಾಡಿದ್ದನ್ನು ಎಲ್ಲವೂ ಮಾಡಬೇಕು. ಡೊಂಬಯ್ಯ ತನ್ನ ಟೊಪ್ಪಿಗಾಗಿ ಎಳೆದ, ಹನ್ನೊಂದು ಬಾಯಿಗಳು ಆ ಕಡೆಯಿಂದ ಎಳೆದವು. ಒಂದು ನಿಮಿಷದಲ್ಲಿ ಅವನ ಕೈಯಲ್ಲಿ ಉಳಿದದ್ದು ಹೊಲಿಗೆಯ ದಾರ.

ಅಂಗಳದಲ್ಲಿ ನಗೆ ಸಿಡಿಯಿತು. ನಿಖಿತಾ ಅವರಿಗೆ ಮಾತ್ರ ನಗುವಿನ ನಡುವೆಯೇ ಗುಟ್ಟು ಹೊಳೆಯಿತು.

"ಉಪ್ಪು! ಬೆವರಿನ ಉಪ್ಪಿಗೆ ಬಂದದ್ದು ಅವು. ಅಕ್ಕಾ, ಒಂದು ಕೊಡಪಾನ ಉಪ್ಪುನೀರು ತನ್ನಿ."

ಸ್ವರ್ಣಲತಾ ಓಡಿಹೋಗಿ ತಂದಳು. ತೊಟ್ಟಿಯ ಮೇವಿಗೆ ಉಪ್ಪುನೀರು ಚಿಮುಕಿಸಿದ್ದೇ ತಡ, ಹನ್ನೊಂದು ಮೂತಿಗಳೂ ಅದರೊಳಗೆ ಮುಳುಗಿದವು. ಮೂರು ಮೂರು ತಿಂಡಿ ತಿಂದವರು ಐಸ್‌ಕ್ರೀಮ್ ಬಂದಾಗ ಜಾಗ ಮಾಡಿಕೊಳ್ಳುವ ಹಾಗೆ ಕುರಿಗಳು ಜಾಗ ಮಾಡಿಕೊಂಡವು. ಕಾಲು ಗಂಟೆಯಲ್ಲಿ ತೊಟ್ಟಿಯ ತಳ ಕಂಡಿತು.

ಆಮೇಲಿನದ್ದು ಶೆಟ್ಟರ ಜೀವಮಾನದ ಗಳಿಗೆ. ಮೂವತ್ತು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಳ್ತಂಗಡಿಯ ಕೃಷಿಕರೊಬ್ಬರು ಇನ್ಯಾವುದೋ ಸನ್ಮಾನಕ್ಕೆಂದು ಚೀಲದಲ್ಲಿಟ್ಟಿದ್ದ ಶಾಲನ್ನು ತೆಗೆದು ಶೆಟ್ಟರಿಗೆ ಹೊದಿಸಿದರು. ಅರ್ಧ ಮಂದಿ ಮೊಬೈಲಿನಲ್ಲಿ ವೀಡಿಯೊ ಹಿಡಿದಿದ್ದರು. ಅವಲಕ್ಕಿ ಮುಗಿಯುವ ಮೊದಲೇ ಅದು ಪೊಳಲಿ ದಾಟಿ ಮಂಗಳೂರು ಸೇರಿ, ಅಲ್ಲಿಂದ ಬಹರೈನಿಗೂ ಹೋಗಿ, ಹಳೆಯ ಕ್ಯಾಂಟೀನಿನವರು ಫೋನು ಮಾಡಿ ಅಭಿನಂದಿಸಿದರು. ತೋಡಾರಿನಿಂದ ಸ್ವರ್ಣಲತಾಳ ತಮ್ಮ ಭವಿತ್ ಫೋನು ಮಾಡಿದಾಗ ಅವಳು ಸ್ಪೀಕರ್ ಹಾಕಿ, ಎಲ್ಲರಿಗೂ ಕೇಳುವಂತೆ ಮಾತಾಡಿದಳು. ಡೊಂಬಯ್ಯನೂ ಬರಿದಲೆಯಲ್ಲಿ ಬಂದು ಶೆಟ್ಟರ ಕೈ ಹಿಡಿದು, ನಾನು ಸೋತೆ ಮಾರಾಯ, ಹಾಳೆ ತಿಂತದೆ, ಕಣ್ಣಾರೆ ಕಂಡೆ ಎಂದು ಒಪ್ಪಿಕೊಂಡ. ಶೆಟ್ಟರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಸಂಜೆ ನಾಲ್ಕಕ್ಕೆ ಜನ ಕರಗಿದರು. ಗೆಲುವಿನ ಭರದಲ್ಲಿ ಇದ್ದ ಹಾಳೆಯೆಲ್ಲ ಖಾಲಿಯಾಗಿತ್ತು. ಶೆಟ್ಟರು ಶಾಲನ್ನೂ ತೆಗೆಯದೆ ಗೂಡ್ಸ್ ರಿಕ್ಷಾ ಹೊರಡಿಸಿಕೊಂಡು, ಶಿಳ್ಳೆ ಹಾಕುತ್ತಾ ದಿನದ ವಾಡಿಕೆಯಂತೆ ಹಾಳೆ ಹೆಕ್ಕಲು ಹೋದರು.

ರುಕ್ಮಯ್ಯನ ತೋಟದಲ್ಲಿ ಒಂದು ಹಾಳೆಯೂ ಇರಲಿಲ್ಲ. ಎಲ್ಲವನ್ನೂ ಒಟ್ಟು ಮಾಡಿ, ಟಾರ್ಪಾಲು ಹೊದಿಸಿ, ಮೇಲೆ ಕಲ್ಲು ಹೇರಲಾಗಿತ್ತು. ಉದ್ದಿನ ಹೊಟ್ಟು ಆಗಲೇ ಅಟ್ಟ ಸೇರಿತ್ತು. ತಪ್ಪು ತಿಳಿಯಬೇಡಿ, ನಾನೂ ಐದು ಕುರಿ ಕಟ್ಟುವ ಅಂತ ಉಂಟು ಎಂದು ರುಕ್ಮಯ್ಯ ಮೆತ್ತಗೆ ಹೇಳಿದ. ರವೂಫನ ಮನೆಯಲ್ಲಿ ಜೈನಬಮ್ಮ ಚಾ ಕೊಟ್ಟರು, ಬಿಸ್ಕೂಟು ಕೊಟ್ಟರು, ಹಾಳೆಯ ಮಾತು ಬಂದಾಗ ನಾಚಿಕೆಯಿಂದ ಒಳಗೆ ಹೋದರು. ಇನ್ನು ಮುಂದೆ ತರುವ ಕುರಿಗಳನ್ನು ಎರಡು ತಿಂಗಳು ಹಾಳೆಯಲ್ಲೇ ಕೊಬ್ಬಿಸಿ ಮಾರುವುದೆಂದು ರವೂಫ್ ಮಧ್ಯಾಹ್ನವೇ ತೀರ್ಮಾನಿಸಿದ್ದ. ಬೇರೆ ನಾಲ್ಕು ತೋಟಗಳ ಗೇಟುಗಳಿಗೆ ಮೊದಲ ಬಾರಿಗೆ ಚಿಲಕ ಬಿದ್ದಿತ್ತು.

ಕಡೆಗೆ ಉಳಿದದ್ದು ಡೊಂಬಯ್ಯ. ಅವನು ಅಂಗಳದಲ್ಲಿ ಹಾಳೆಯ ರಾಶಿಯ ಮೇಲೆಯೇ ಕೂತಿದ್ದ.

"ಡೊಂಬಯ್ಯಣ್ಣ, ಒಂದು ಹೊರೆಯಾದರೂ..."

"ಇಲ್ಲ ಶೆಟ್ರೇ. ನೀವೇ ಕಣ್ಣು ತೆರೆಸಿದ್ದು. ಇಷ್ಟು ಒಳ್ಳೆಯ ಮೇವನ್ನು ಹೀಗೆ ಸುಮ್ಮನೆ ಕೊಡ್ಲಿಕ್ಕೆ ಆಗ್ತದಾ? ನೀವೇ ಹೇಳಿ."

ಬೆಳಿಗ್ಗೆ ಹತ್ತು ನಿಮಿಷ ಶೆಟ್ಟರು ಹೇಳಿದ್ದೂ ಅದನ್ನೇ. ಖಾಲಿ ರಿಕ್ಷಾವನ್ನು ತಿರುಗಿಸಿಕೊಂಡು ಮನೆಗೆ ಬಂದರು.

ಗೇಟಿನ ಹತ್ತಿರವೇ ಸ್ವರ್ಣಲತಾ ಕಾಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವಳ ಮುಖದಲ್ಲಿ ಅಷ್ಟೊಂದು ಅಭಿಮಾನವನ್ನು ಶೆಟ್ಟರು ಕಂಡದ್ದಿಲ್ಲ.

"ಇಷ್ಟು ದಿನ ನಿಮಗೆ ಸುಮ್ಮನೆ ಬೈದೆ. ಅದಕ್ಕೆ ಪ್ರಾಯಶ್ಚಿತ್ತ ಅಂತ ಒಂದು ಕೆಲಸ ಮಾಡಿದ್ದೇನೆ. ಆ ಶಾಲು ಹೊದಿಸಿದವರಿಲ್ವಾ, ಅವರ ಹತ್ತಿರ ಮಾತಾಡಿ ಇಪ್ಪತ್ತು ಕುರಿಗೆ ಹೇಳಿಯಾಯ್ತು. ನಾಳೆ ಬೆಳಿಗ್ಗೆಯೇ ಬರ್ತವೆ."

ಶೆಟ್ಟರು ರಿಕ್ಷಾದಿಂದ ಇಳಿಯಲಿಲ್ಲ. ಹಿಂದಿನ ಖಾಲಿ ಜಾಗದ ಕಡೆ ಕೈ ತೋರಿಸಿ, ಮೇವು ಎಂದರು.

"ಅದಕ್ಕೆ ಎಂಥ ಚಿಂತೆ?" ಎಂದಳು ಸ್ವರ್ಣಲತಾ. "ಊರಿಡೀ ಪುಕ್ಕಟೆ ಬಿದ್ದುಂಟಲ್ಲ."