ಅಗ್ರಿಪ್ಪನ ನಾಣ್ಯವೂ ಸುಬಾಂಗ್ ಜಯಾದ ಚಂದ್ರೋದಯವೂ

ಕಾಲಗಣನೆಯಲ್ಲಿ ನಾನು ತಪ್ಪುವವನಲ್ಲ. ನಿವೃತ್ತಿಯವರೆಗೂ ಪ್ರಾಚೀನ ನಾಣ್ಯಗಳ ಇಸವಿಗಳನ್ನು ತಾಳೆ ನೋಡುವುದೇ ನನ್ನ ಕೆಲಸವಾಗಿತ್ತು. ಆದ್ದರಿಂದ ಕೊರೋನಾ ನಿರ್ಬಂಧದಲ್ಲಿ ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ಮಗಳ ಮನೆಯಲ್ಲಿ ಸಿಕ್ಕಿಕೊಂಡಿದ್ದಾಗ, ಸಂಕಷ್ಟಿಯ ದಿನ ಪತ್ನಿ ಶಾರದೆ ಚಂದ್ರೋದಯದ ಸಮಯವನ್ನು ನನ್ನಲ್ಲಿಯೇ ಕೇಳಿದಳು. ಚಂದ್ರ ಹುಟ್ಟದೆ ಆಕೆ ಊಟ ಮಾಡುವುದಿಲ್ಲ.

“ಮೈಸೂರಿನ ಪಂಚಾಂಗದಲ್ಲಿ ಎಂಟೂವರೆ ಎಂದಿದೆ. ಇಲ್ಲಿಯ ಗಡಿಯಾರ ಎರಡೂವರೆ ಗಂಟೆ ಮುಂದೆ. ಕೂಡಿಸಿದರೆ ರಾತ್ರಿ ಹನ್ನೊಂದು,” ಎಂದೆ.

“ಹನ್ನೊಂದಾ? ಒಂದ್ಸಲ ಫೋನಲ್ಲಿ ನೋಡ್ರೀ.”

“ಫೋನು ಆಕರಗ್ರಂಥವಲ್ಲ.”

ನಮ್ಮ ಬಾಲ್ಕನಿ ಪಶ್ಚಿಮಕ್ಕಿತ್ತು. ಆಕಾಶವೂ ಸಾಕ್ಷಿ ಹೇಳುವಂತಿರಲಿಲ್ಲ. ಬೆಳಗಿನಿಂದ ಉಪವಾಸವಿದ್ದ ಶಾರದೆ ಕಡುಬಿನ ಪಾತ್ರೆಗೆ ಮುಚ್ಚಳ ಹಾಕಿ ಕುಳಿತಳು.

ಅಂದೇ ಒಂಬತ್ತಕ್ಕೆ ಇಲ್ಲಿಯ ಕನ್ನಡಿಗರಿಗಾಗಿ ಆನ್‌ಲೈನ್‌ನಲ್ಲಿ ನನ್ನ ಉಪನ್ಯಾಸ. ವಿಷಯ, ರೋಮಿನ ಅಧೀನ ಅರಸ ಎರಡನೆಯ ಅಗ್ರಿಪ್ಪನ ನಾಣ್ಯಗಳು. ಅರಸನಾದರೂ ಟಂಕಿಸಲು ಅವನಿಗೆ ದಕ್ಕಿದ್ದು ತಾಮ್ರ, ಕಂಚು ಮಾತ್ರ. ಅದರಲ್ಲೂ ಅನೇಕ ನಾಣ್ಯಗಳ ಮುಖದಲ್ಲಿ ಚಕ್ರವರ್ತಿಯೇ. ಒಂದು ನಾಣ್ಯದಲ್ಲಂತೂ ‘ವರ್ಷ ಹನ್ನೊಂದು, ಅದೇ ಆರು’ ಎಂದಿದೆ. ಒಬ್ಬನೇ ಅರಸ, ಒಂದೇ ವರ್ಷ, ಎರಡು ಕಾಲಗಣನೆ.

“ಒಂದರ ಲೆಕ್ಕವನ್ನು ಕಣ್ಣು ಮುಚ್ಚಿ ಇನ್ನೊಂದಕ್ಕೆ ಹೊರಿಸಿದ ವಿದ್ವಾಂಸರು ಮುಗ್ಗರಿಸಿದ್ದಾರೆ,” ಎಂದು ಗಂಭೀರವಾಗಿ ಎಚ್ಚರಿಸುತ್ತಿದ್ದೆ.

“ರೀ, ಹೊಟ್ಟೆ ಚುರುಗುಟ್ತಿದೆ. ಚಂದ್ರ ಇನ್ನೂ ಬಂದಿಲ್ವಾ?” ಶಾರದೆ ಪಕ್ಕದಲ್ಲಿ ನಿಂತಿದ್ದಳು.

“ಇನ್ನೊಂದು ಗಂಟೆ ಇದೆ.”

ಮೈಕು ತೆರೆದೇ ಇತ್ತು. ಹತ್ತಿರದ ಬಾಂಗ್ಸಾರಿನಿಂದ ಕೇಳುತ್ತಿದ್ದ ಮಂಗಳೂರಿನ ಐರಿನ್, ಇಲ್ಲಿಯವರ ‘ಲಾ’ ಬೆರೆತ ತನ್ನ ಕನ್ನಡದಲ್ಲಿ ತಡೆದಳು: “ಎಂತ ಸರ್, ಚಂದ್ರ ಆಗ್ಲೇ ನಮ್ಮ ಕಿಟಕಿಯಲ್ಲಿ ಉಂಟಲ್ಲ. ಆಂಟಿ ಊಟ ಮಾಡ್ಲಿ ಲಾ.”

ಅಭ್ಯಾಸಬಲದಿಂದ ಆಧಾರ ಕೇಳಿದೆ. ಆಕೆ ಫೋನನ್ನು ಕಿಟಕಿಗೆ ಹಿಡಿದಳು. ಆಧಾರವು ಒಂದು ಅಂಚು ಸವೆದ ನಾಣ್ಯದಂತೆ ಹೊಳೆಯುತ್ತಿತ್ತು!

ಪೂರ್ವದ ಊರಿಗೆ ಚಂದ್ರ ಮೊದಲೇ ಬರುತ್ತಾನೆ. ನಾನು ಗಡಿಯಾರದ ಅಂತರವನ್ನು ಕೂಡಿಸಿದ್ದೆ. ಭೂಮಿ ದುಂಡಗಿರುವುದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

“ಹಾಗಾದ್ರೆ ಹನ್ನೊಂದು, ಅದೇ ಹತ್ತು. ನಿಮ್ಮ ರಾಜಂದೂ ಇದೇ ಕಥೆ ತಾನೇ?” ಎನ್ನುತ್ತ ಶಾರದೆ ಕಡುಬಿನ ಮುಚ್ಚಳ ತೆಗೆದಳು. ಉಪನ್ಯಾಸದ ಸಭೆ ಆಗ ಮೊದಲ ಬಾರಿಗೆ ನಕ್ಕಿತು.

ಅಂದಿನಿಂದ ಚಂದ್ರೋದಯದ ಸಮಯ ಐರಿನ್‌ಳ ಕಿಟಕಿಯಿಂದ ಬರುತ್ತದೆ. ಅದನ್ನು ಘೋಷಿಸುವವಳು ಶಾರದೆ. ನನ್ನ ಅರಸೊತ್ತಿಗೆಗೇನೂ ಧಕ್ಕೆಯಾಗಿಲ್ಲ. ಪೂಜೆಯ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವ ಅಧಿಕಾರ ಈಗ ಸಂಪೂರ್ಣವಾಗಿ ನನ್ನದು.