ಮೂರನೇ ಕಾಲು ಕುಸಿಯುವ ಟ್ರೈಪಾಡಿಗೆ ಜಕ್ಕೂರಿನ ಬೇಟೆಗಾರನ ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಟ್ರೈಪಾಡ್ ಅವರು,
ಸೀಬೆ ಗಿಡದ ಕೆಳಗೆ, ನೀರಿನ ಟ್ಯಾಂಕಿನ ಪಕ್ಕ,
ನಮ್ಮ ಮನೆಯ ತಾರಸಿ, ಜಕ್ಕೂರು.

ಮಾನ್ಯರೇ,

ಮೊದಲಿಗೆ ತಮ್ಮ ಮೂರೂ ಕಾಲುಗಳಿಗೆ ಪ್ರತ್ಯೇಕವಾಗಿ ಮೂರು ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಊಟ ಕೇಳದೆ, ಬೆನ್ನುನೋವಿಲ್ಲದೆ, ಕರೆಂಟ್ ಬಿಲ್ಲಿನ ಚಿಂತೆಯಿಲ್ಲದೆ ನೆರಳಲ್ಲಿ ನಿಂತವರು ಕ್ಷೇಮವಾಗಿರದೆ ಇನ್ನೇನು? ನಾನು ಮುನಿವೆಂಕಟಯ್ಯ, ವಯಸ್ಸು ಅರವತ್ತಾರು, ತಮ್ಮನ್ನು ಮನೆಗೆ ಕರೆತಂದ ತಪ್ಪಿಗೆ ಮೂರು ತಿಂಗಳಿಂದ ಹೆಂಡತಿಯ ಕೈಲಿ ಮಾತು ಕೇಳುತ್ತಿರುವವನು. ಈ ವಿಷಯವನ್ನು ತಮ್ಮ ಕಿವಿಯಲ್ಲಿ ಗುಟ್ಟಾಗಿ ಹೇಳಿ ಮುಗಿಸೋಣವೆಂದರೆ ತಮಗೆ ಕಿವಿಯೇ ಇಲ್ಲವಾದ್ದರಿಂದ ಬಹಿರಂಗವಾಗಿ ಬರೆಯಬೇಕಾಯಿತು.

ನಮ್ಮದು ಬೇಟೆಯ ಮನೆತನ. ನಮ್ಮ ತಾತ ದೊಡ್ಡಮುನಿಯಪ್ಪನವರು, ಬೇಟೆಯನ್ನು ಯಾರೂ ತಡೆಯದಿದ್ದ ಕಾಲದಲ್ಲಿ, ಕೆರೆಯಂಚಿನ ಪೊದೆಗಳಲ್ಲಿ ಮೊಲ ಹೊಡೆಯುತ್ತಿದ್ದರು. ಬಂದೂಕು ಭಾರ, ಕೈ ನಡುಗಬಾರದು ಎಂದು ಹೊಂಗೆಯ ಒಂದು ಕವೆಗೋಲನ್ನು ನೆಲಕ್ಕೆ ನೆಟ್ಟು, ಅದರ ಕವೆಯಲ್ಲಿ ನಳಿಗೆ ಇಟ್ಟು ಗುರಿ ಹಿಡಿಯುತ್ತಿದ್ದರಂತೆ. ಒಂದೇ ಕಾಲಿನ ಆ ಕೋಲು ಒಂದು ದಿನವೂ ಕುಸಿಯಲಿಲ್ಲ ಎಂಬುದನ್ನು, ತಮ್ಮ ಮನಸ್ಸು ನೋಯಿಸುವ ಉದ್ದೇಶದಿಂದಲೇ, ಇಲ್ಲಿ ನೆನಪಿಸುತ್ತೇನೆ. ಈಗ ಬೇಟೆ ಅಪರಾಧ, ಆದದ್ದು ಒಳ್ಳೆಯದೇ ಆಯಿತು. ನನ್ನ ಕೈಯಲ್ಲಿರುವುದು ಹಸಿರು ಪ್ಲಾಸ್ಟಿಕ್ಕಿನ ನೀರಿನ ಬಂದೂಕು, ಎದುರಾಳಿ ಒಂದು ಗಂಡು ಕೋತಿ, ಉದ್ದೇಶ ಅದನ್ನು ಒದ್ದೆ ಮಾಡಿ ಓಡಿಸುವುದು. ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗುವವನು ಅದಕ್ಕಿಂತ ಹೆಚ್ಚೇನೂ ಮಾಡುವಂತಿಲ್ಲ.

ಜಗಳ ಯಾತಕ್ಕೆಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯ ಎದುರು ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಇರುವ ಜಾಗದಲ್ಲಿ ಮೊದಲು ನಮ್ಮ ಸೀಬೆ ತೋಟವಿತ್ತು. ಮಾರಿದವರು ನಾವೇ, ಯಾರನ್ನೂ ದೂರುವಂತಿಲ್ಲ. ಜೆಸಿಬಿ ಬರುವ ಮುಂಚೆ ನನ್ನ ಹೆಂಡತಿ ಮುನಿಕೃಷ್ಣಮ್ಮ ಒಂದು ಕೊಂಬೆಗೆ ಮಣ್ಣು ಮೆತ್ತಿ, ಗೋಣಿ ಸುತ್ತಿ, ಬೇರು ಬರಿಸಿ ತಂದು ತಾರಸಿಯ ನೀಲಿ ಡ್ರಮ್ಮಿನಲ್ಲಿ ನೆಟ್ಟಳು. ಗಿಡ ನಾಲ್ಕು ವರ್ಷದಿಂದ ಕಾಯಿ ಬಿಡುತ್ತಿದೆ, ನಾಲ್ಕು ವರ್ಷವೂ ಹಣ್ಣಾಗುವ ಮುಂಚೆ ಕೋತಿ ತಿಂದಿದೆ. ಆ ತೋಟದ ಹಣ್ಣಿನ ರುಚಿ ಇನ್ನೊಂದು ಸಲ ನೋಡಬೇಕೆಂಬುದು ಅವಳ ಆಸೆ, ಈ ವರ್ಷ ತಿನ್ನಿಸಿಯೇ ತೀರುತ್ತೇನೆಂದು ನಾನು ಕೊಟ್ಟ ಮಾತು. ಆಗಸ್ಟ್ ಮುಗಿಯುವಷ್ಟರಲ್ಲಿ ಗಿಡದಲ್ಲಿ ಉಳಿದಿದ್ದುದು ಒಂದೇ ಕಾಯಿ, ಅದೂ ಕೋತಿಯ ಭಾರ ತಾಳದಷ್ಟು ತೆಳ್ಳಗಿನ ಕೊಂಬೆಯ ತುದಿಯಲ್ಲಿತ್ತು, ಕೆಳಗಿನಿಂದ ಅದಕ್ಕೆ ಎಟುಕುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ತಮ್ಮ ಪ್ರವೇಶವಾದದ್ದು ಜುಲೈನಲ್ಲಿ. ನಮ್ಮ ಮೊದಲ ಮಹಡಿಯ ಬಾಡಿಗೆದಾರ ವೇಣುಗೋಪಾಲ್, ಕೆರೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುವವರು, ವಿದೇಶದ ಬೇಟೆಗಾರರ ವಿಡಿಯೋ ತೋರಿಸಿದರು. ಆ ಬೇಟೆಗಾರರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೊದಲು ದುರ್ಬೀನು ಕೂರಿಸಿ ಗುಡ್ಡವನ್ನೆಲ್ಲ ತಾಳ್ಮೆಯಿಂದ ನೋಡುತ್ತಾರೆ, ಪ್ರಾಣಿ ಕಂಡೊಡನೆ ದುರ್ಬೀನು ತೆಗೆದು ಅದೇ ಸ್ಟ್ಯಾಂಡಿನ ಮೇಲೆ ಬಂದೂಕು ಇಟ್ಟು ಅಲುಗಾಡದೆ ಹೊಡೆಯುತ್ತಾರೆ. ನಾನೂ ಮರುಳಾಗಿ ಒಂದು ದುರ್ಬೀನನ್ನೂ ತಮ್ಮನ್ನೂ ಕೊಂಡು ತಂದೆ. ತಾವು ಬಂದ ದಿನವೇ ಮುನಿಕೃಷ್ಣಮ್ಮ, "ಅಲ್ಲಾ ಕಣ್ರೀ, ಎಲ್ಡ್ ಕಾಲಿನ್ ಕೋತಿ ಓಡ್ಸಕ್ಕೆ ಮೂರ್ ಕಾಲ್ ಯಾಕ್ರೀ?" ಎಂದಳು, ಅಂದಿನಿಂದ ಪ್ರತಿ ಬೆಳಿಗ್ಗೆ ಕಾಫಿ ಕೊಡುವಾಗ, "ನಿಮ್ ಮೂರ್ ಕಾಲಿನ್ ಅಳಿಯಂದ್ರು ಎದ್ರಾ?" ಎಂದು ತಪ್ಪದೆ ವಿಚಾರಿಸುತ್ತಾಳೆ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ದುರ್ಬೀನನ್ನು ತಮ್ಮ ನೆತ್ತಿಯಿಂದ ಬಿಚ್ಚಲು ತಿರುಪನ್ನು ಆರು ಸುತ್ತು ತಿರುಗಿಸಬೇಕು, ಬಂದೂಕು ಕೂರಿಸಲು ಮತ್ತೆ ಆರು ಸುತ್ತು. ಈ ಹನ್ನೆರಡು ಸುತ್ತಿನ ಅವಧಿಯಲ್ಲಿ ಕೋತಿ ಬಂದು, ತಿಂದು, ಒಮ್ಮೆ ಮೈ ಕೆರೆದುಕೊಂಡು ಹೋಗಿರುತ್ತಿತ್ತು. ಇನ್ನು ತಮ್ಮ ಮೂರನೇ ಕಾಲು. ಎಷ್ಟು ಬಿಗಿದರೂ ಅದು ಭಾರ ಬಿದ್ದ ಅರ್ಧ ನಿಮಿಷಕ್ಕೆ ಸದ್ದಿಲ್ಲದೆ ಕುಸಿಯುತ್ತದೆ. ಅಪಾರ್ಟ್‌ಮೆಂಟಿನ ನೆತ್ತಿಯ ಮೇಲೆ ಕುಳಿತ ಕೋತಿಯತ್ತ ತಿರುಗಿಸಿದ ದುರ್ಬೀನು ಹೀಗೆ ತಾನಾಗಿ ಇಳಿದು ಒಂಬತ್ತನೇ ಮಹಡಿಯ ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ನಿಂತಿದ್ದರಿಂದ, ಅಲ್ಲಿನ ಸೆಕ್ಯೂರಿಟಿ ಬಾಲರಾಜು ಮನೆ ಬಾಗಿಲಿಗೆ ಬಂದು, "ಅಂಕಲ್, ಬೇಜಾರ್ ಮಾಡ್ಕೋಬೇಡಿ, ಕಂಪ್ಲೇಂಟ್ ಬಂದೈತೆ" ಎಂದ. ನಾನು ಕೋತಿ ನೋಡುತ್ತಿದ್ದೆ ಎಂದರೆ ಆ ಮಹಡಿಯವರು ಇನ್ನಷ್ಟು ಬೇಜಾರು ಮಾಡಿಕೊಂಡರು. ಆದ್ದರಿಂದ ತಾವು ದಯಮಾಡಿ ತಿರುಪಿನ ಸುತ್ತುಗಳನ್ನು ಆರರಿಂದ ಅರ್ಧಕ್ಕೆ ಇಳಿಸಿಕೊಳ್ಳಬೇಕೆಂದೂ, ಅದಾಗದಿದ್ದರೆ ನನ್ನ ಹನ್ನೆರಡು ಸುತ್ತು ಮುಗಿಯುವವರೆಗೆ ಕಾಯುವಂತೆ ಕೋತಿಗೆ ಲಿಖಿತವಾಗಿ ತಿಳಿಸಬೇಕೆಂದೂ ಕೋರಲು ನಾನು ಸೆಪ್ಟೆಂಬರಿನಲ್ಲೇ ಈ ಪತ್ರ ಶುರುಮಾಡಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಾತು ಕೇಳದಿದ್ದರೂ ತಾವು ಆಯುಧವೇ ತಾನೇ ಎಂದು ಗಿಡದ ನೆರಳಿನಲ್ಲಿ ತಮ್ಮನ್ನು ಪೂರ್ತಿ ಎತ್ತರಕ್ಕೆ ನಿಲ್ಲಿಸಿ, ಸ್ಕೂಟರಿನ ಚಕ್ರಕ್ಕೆ ಇಡುವಂತೆ ಮೂರು ಕಾಲಿಗೂ ನಿಂಬೆಹಣ್ಣು ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬುಡದಲ್ಲಿ ನೀರಿನ ಬಂದೂಕು, ಕುಡುಗೋಲು, ಈಳಿಗೆಮಣೆ, ಚಾಕುಗಳನ್ನೆಲ್ಲ ಜೋಡಿಸಿ, ತಟ್ಟೆ ತುಂಬ ಕಡ್ಲೆಪುರಿ, ಬಾಳೆಹಣ್ಣು ಇಟ್ಟು ಮಂಗಳಾರತಿ ಮಾಡಿದೆವು. ಪೂರ್ತಿ ಮಾಗಲೆಂದು ಬಿಟ್ಟಿದ್ದ, ಕೋತಿಗೆ ಎಟುಕದ ಆ ಹಣ್ಣಿನ ನೇರ ಕೆಳಗೆ ತಮ್ಮ ರೂಪದಲ್ಲಿ ನಾನು ಒಂದು ಏಣಿ ನಿಲ್ಲಿಸಿದ್ದೇನೆಂದು ನನಗೆ ಹೊಳೆಯಲಿಲ್ಲ, ಕೋತಿಗೆ ಹೊಳೆಯಿತು. ಗೋಡೆ ಹಾರಿ ಬಂದು, ಬಾಳೆಹಣ್ಣು ಮುಗಿಸಿ, ಹಾರ ಹಿಡಿದುಕೊಂಡು ತಮ್ಮ ನೆತ್ತಿಯ ಮೇಲೆ ಹತ್ತಿ ಕುಳಿತಿತು. ನಾನು ಬಂದೂಕಿಗೆ ಕೈ ಹಾಕಿದರೆ ಮುನಿಕೃಷ್ಣಮ್ಮ, ಯಾರ ಹಣ್ಣಿಗಾಗಿ ಇಷ್ಟೆಲ್ಲ ನಡೆದಿದೆಯೋ ಅದೇ ಮುನಿಕೃಷ್ಣಮ್ಮ, "ಮುಟ್ಬೇಡ್ರೀ, ಪೂಜೆ ಆಗೈತೆ! ನಾಳೆ ಬೆಳಿಗ್ಗೆ ತಂಕ ಯಾವ್ದೂ ಮುಟ್ಟಂಗಿಲ್ಲ!" ಎಂದು ಕೈ ಹಿಡಿದಳು. ನಮ್ಮ ಮನೆಯಲ್ಲಿ ಆ ನಿಯಮ ತಾತನ ಕಾಲದಿಂದ ಇದೆ, ಆ ದಿನ ಅವರೂ ಮೊಲವನ್ನು ಬಿಟ್ಟು ಕಳಿಸುತ್ತಿದ್ದರಂತೆ. ಕೋತಿ ಕೈ ಚಾಚಿ ಕೊಂಬೆಯನ್ನು ಬಗ್ಗಿಸಿತು, ನಾಲ್ಕು ವರ್ಷದ ಆಸೆ ಹೋಯಿತೆಂದು ಇಬ್ಬರೂ ಸುಮ್ಮನೆ ನೋಡುತ್ತ ನಿಂತೆವು.

ಆಗ, ಮಾನ್ಯರೇ, ತಮ್ಮ ಮೂರನೇ ಕಾಲು ಕುಸಿಯಿತು. ತಾವು ಸದ್ದಿಲ್ಲದೆ ವಾಲಿದಿರಿ, ಕೋತಿ ಕಿರುಚಿಕೊಂಡು ಟ್ಯಾಂಕಿನ ಮೇಲೆ ಬಿದ್ದು ಓಡಿತು, ಕೈ ತಪ್ಪಿದ ಕೊಂಬೆ ಚಿಮ್ಮಿತು, ಹಣ್ಣು ಕಡ್ಲೆಪುರಿ ತಟ್ಟೆಯೊಳಗೆ ಬಂದು ಕುಳಿತಿತು. ಚಾಕು, ಈಳಿಗೆಮಣೆ ಎರಡೂ ಪೂಜೆಯಲ್ಲಿದ್ದುದರಿಂದ ಅವಳು ಹಣ್ಣನ್ನು ಸೆರಗಿನಲ್ಲಿ ಒರೆಸಿ ಹಾಗೆಯೇ ಕಚ್ಚಿದಳು. ಒಳಗೆ ಕೆಂಪಗಿತ್ತು. ಸ್ವಲ್ಪ ಹೊತ್ತು ಅಗಿಯುವುದನ್ನೇ ನಿಲ್ಲಿಸಿ ಎದುರಿನ ಅಪಾರ್ಟ್‌ಮೆಂಟನ್ನು ನೋಡಿದಳು, ಆಮೇಲೆ, "ಅದೇಯಾ ಕಣ್ರೀ" ಎಂದು ಉಳಿದರ್ಧವನ್ನು ನನ್ನ ಕೈಗಿಟ್ಟಳು. ನನಗೆ ಅಳು ಬಂತು, ಹಣ್ಣು ಸಿಹಿಯಾಗಿತ್ತು.

ಆದಕಾರಣ ಮೇಲಿನ ದೂರುಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತ, ಆ ಕಾಲನ್ನು ಯಾವ ಕಾರಣಕ್ಕೂ ಯಾರಿಂದಲೂ ರಿಪೇರಿ ಮಾಡಿಸಿಕೊಳ್ಳಬಾರದೆಂದು ಕೈಮುಗಿದು ಬೇಡುತ್ತೇನೆ.

ಇಂತಿ, ಕೈಗೆ ಸೀಬೆ ಬೀಜ ಅಂಟಿಸಿಕೊಂಡಿರುವ ತಮ್ಮ ವಿಶ್ವಾಸಿ,
ಮುನಿವೆಂಕಟಯ್ಯ

ಮರೆತ ಮಾತು: ಮೂರು ತಿಂಗಳು ನನ್ನ ಬಂದೂಕಿಗೆ ಹೆದರದ ಕೋತಿ ಈಗ ತಮ್ಮ ಭಯಕ್ಕೆ ನಮ್ಮ ತಾರಸಿಯ ಕಡೆಗೇ ತಲೆ ಹಾಕುತ್ತಿಲ್ಲ. ಹೀಗಾಗಿ ಮುನಿಕೃಷ್ಣಮ್ಮ ಬೇಟೆಗಾರನ ಕೆಲಸವನ್ನು ನನ್ನಿಂದ ಕಿತ್ತು ತಮಗೆ ಕೊಟ್ಟಿದ್ದಾಳೆ. ದುರ್ಬೀನನ್ನು ಸದ್ಯಕ್ಕೆ ನನ್ನ ಕುತ್ತಿಗೆಗೆ ನೇತುಹಾಕಿದ್ದಾಳೆ, ಅದಕ್ಕೂ ಒಂದು ಸ್ಟ್ಯಾಂಡು ಬೇಕಲ್ಲ.